ಆತಿಥೇಯ ಸಭೆಯ ಉದಾರತೆಯನ್ನು ಸ್ವೀಕರಿಸುವ ಬಗೆ

ನಮಸ್ಕಾರ ಸಹೋದರರೇ. ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಸ್ಥಳೀಯ ಕ್ರೈಸ್ತ ಸಭೆಯೊಂದರ ಜೊತೆಗೂಡಿ ಕೃಷಿ ತರಬೇತಿ ನೀಡಲೆಂದು ಎಂಟು ತಿಂಗಳ ಮಿಷನ್ ಸೇವೆಗೆ ಹೊರದೇಶಕ್ಕೆ ಹೋಗಿ ನಿಮಗೆ ಮೂರು ವಾರವಾಗಿದೆ. ಸಭೆಯ ಹಿರಿಯರೊಬ್ಬರ ಕುಟುಂಬದವರು ತಮ್ಮ ದೊಡ್ಡ ಕೋಣೆಯನ್ನು ನಿಮಗೂ ಪತ್ನಿಗೂ ಮಗುವಿಗೂ ಬಿಟ್ಟು ತಾವು ಚಿಕ್ಕ ಕೋಣೆಗೆ ಸರಿದಿದ್ದಾರೆ, ಉಳಿದ ಮನೆಗಳವರು ಸರದಿಯಂತೆ ಊಟ ಕಳುಹಿಸುತ್ತಿದ್ದಾರೆ, ಪ್ರಾತ್ಯಕ್ಷಿಕೆ ತಾಕಿಗೆಂದು ಸಭೆ ತನ್ನ ಜಮೀನಿನ ಒಂದು ಭಾಗವನ್ನೇ ಕೊಟ್ಟಿದೆ. ಹಣ ಕೊಡಹೋದರೆ ಯಾರೂ ಮುಟ್ಟುತ್ತಿಲ್ಲ. ನಮಗಿಂತ ಬಡವರಿಂದ ಇಷ್ಟನ್ನೆಲ್ಲ ಪಡೆಯುವುದು ಸರಿಯೇ, ಲಕೋಟೆಯಲ್ಲಿ ಹಣವಿಟ್ಟು ಅವರಿಗೆ ತಿಳಿಯದಂತೆ ಬಿಟ್ಟುಬರಲೇ ಎಂದು ಕೇಳಿದ್ದೀರಿ.

ಲಕೋಟೆ ಇಡಬೇಡಿ. ನಾವು ಹೊರದೇಶದ ಸೇವೆಯಲ್ಲಿದ್ದಾಗ ಇದೇ ತಪ್ಪನ್ನು ಮಾಡಿದೆವು. ಎರಡನೆಯ ವಾರದ ಕೊನೆಯಲ್ಲಿ ದಿಂಬಿನ ಕೆಳಗೆ ಹಣವಿಟ್ಟು ಹೊರಟೆವು. ಸಂಜೆ ಆ ಮನೆಯ ತಾಯಿ ಅದನ್ನು ಸಭಾಪಾಲಕರ ಮೂಲಕ ಹಿಂದಿರುಗಿಸಿದರು, ಆಮೇಲೆ ಕೆಲವು ದಿನ ನಮ್ಮೊಡನೆ ಮೊದಲಿನಂತೆ ಮಾತನಾಡಲಿಲ್ಲ. ಮನೆಯವರೆಂದು ಬರಮಾಡಿಕೊಂಡವರನ್ನು ನಾವು ಬಾಡಿಗೆ ಮನೆಯ ಒಡೆಯರನ್ನಾಗಿ ಮಾಡಿಬಿಟ್ಟಿದ್ದೆವು ಎಂಬುದು ಸಭಾಪಾಲಕರು ಬಿಡಿಸಿ ಹೇಳಿದ ಮೇಲೆಯೇ ನಮಗೆ ಅರ್ಥವಾದದ್ದು. ಹಂಗು ತೀರಿಸುವ ಅವಸರದಲ್ಲಿ ನಾವು ನೋಡಿದ್ದು ನಮ್ಮ ಮುಜುಗರವನ್ನೇ ಹೊರತು ಅವರ ಪ್ರೀತಿಯನ್ನಲ್ಲ.

ಬಡವರಿಂದ ಪಡೆಯಬಹುದೇ ಎಂಬ ಪ್ರಶ್ನೆಗೆ ನಮ್ಮ ಧರ್ಮಗ್ರಂಥವಾದ ಬೈಬಲ್ಲೇ ಸ್ಪಷ್ಟವಾಗಿ ಉತ್ತರಿಸುತ್ತದೆ. ಮಕೆದೋನ್ಯದ ಸಭೆಗಳವರು ಕಡುಬಡತನದಲ್ಲಿದ್ದರೂ ಶಕ್ತಿ ಮೀರಿ ಕೊಟ್ಟರು, ಕೊಡುವ ಅವಕಾಶಕ್ಕಾಗಿ ತಾವೇ ಬೇಡಿಕೊಂಡರು ಎಂದು ಊರೂರಿಗೆ ಹೋಗಿ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಆದರೆ ಅದೇ ಪೌಲನು ಥೆಸಲೋನಿಕದಲ್ಲಿ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದನು, ಕೊರಿಂಥದಲ್ಲಿ ಅಲ್ಲಿಯವರ ನೆರವನ್ನು ನಿರಾಕರಿಸಿದನು, ಫಿಲಿಪ್ಪಿಯವರಿಂದ ಮಾತ್ರ ಒಂದಲ್ಲ ಹಲವು ಬಾರಿ ಸ್ವೀಕರಿಸಿದನು. ಎಲ್ಲ ಕಡೆಗೂ ಒಂದೇ ನಿಯಮವನ್ನು ಅವನು ಇಟ್ಟುಕೊಳ್ಳಲಿಲ್ಲ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಸಭೆ ಫಿಲಿಪ್ಪಿಯ ಬಗೆಯದು. ಅಲ್ಲಿ ಲುದ್ಯಳೆಂಬ ವಿಶ್ವಾಸಿ ಮಹಿಳೆ ಪೌಲನನ್ನೂ ಜೊತೆಗಾರರನ್ನೂ ಒತ್ತಾಯ ಮಾಡಿಯೇ ತನ್ನ ಮನೆಯಲ್ಲಿ ಉಳಿಸಿಕೊಂಡಳು. ಅಂಥವರ ಕೊಡುಗೆಯನ್ನು ಸಂತೋಷದಿಂದ, ತಲೆಬಾಗಿ ಸ್ವೀಕರಿಸಿ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಕಳುಹಿಸುವಾಗ, ಕೊಟ್ಟದ್ದನ್ನು ಊಟಮಾಡಿರಿ, ಮನೆಯಿಂದ ಮನೆಗೆ ಹೋಗಬೇಡಿರಿ ಎಂದು ಹೇಳಿದ ಮಾತು ನಿಮ್ಮ ದಿನನಿತ್ಯದ ಜೀವನಕ್ಕೆ ನೇರವಾಗಿ ಅನ್ವಯಿಸುತ್ತದೆ. ಇನ್ನು ಒಂದೆರಡು ತಿಂಗಳಲ್ಲಿ ಸಭೆಯಲ್ಲಿ ಸ್ಥಿತಿವಂತರಾದ ಯಾರಾದರೂ ತಮ್ಮ ಮನೆಗೆ ಬಂದು ಆರಾಮವಾಗಿರಿ ಎಂದು ಖಂಡಿತವಾಗಿ ಕರೆಯುತ್ತಾರೆ. ಅವರ ಮನೆಗೆ ಊಟಕ್ಕೆ ಹೋಗಿ, ವಾಸಕ್ಕೆ ಹೋಗಬೇಡಿ. ನೀವು ಎಷ್ಟು ಸೌಜನ್ಯದಿಂದ ಸ್ಥಳ ಬದಲಿಸಿದರೂ ತಮ್ಮ ದೊಡ್ಡ ಕೋಣೆಯನ್ನೇ ಬಿಟ್ಟುಕೊಟ್ಟ ಕುಟುಂಬಕ್ಕೆ ತಮ್ಮದು ಸಾಲಲಿಲ್ಲ ಎಂಬ ಭಾವನೆ ಉಳಿಯುತ್ತದೆ, ಸಭೆಯೊಳಗೆ ಉಳ್ಳವರ ಮನೆ ಇಲ್ಲದವರ ಮನೆ ಎಂಬ ಮಾತು ನಿಮ್ಮಿಂದ ಹುಟ್ಟಿದಂತಾಗುತ್ತದೆ. ಊಟದ ವಿಷಯದಲ್ಲಿ ಮಗುವಿಗೆ ಒಗ್ಗದ್ದೇನಾದರೂ ಇದ್ದರೆ ನಿಮ್ಮ ಪತ್ನಿಯವರು ಮನೆಯ ತಾಯಿಗೆ ಈಗಲೇ ನೇರವಾಗಿ ತಿಳಿಸಲಿ. ತಿಂದಂತೆ ತೋರಿಸಿ ಮರೆಯಲ್ಲಿ ಚೆಲ್ಲುವುದಕ್ಕಿಂತ ಅದು ಎಷ್ಟೋ ಗೌರವದ ನಡೆ.

ಆತಿಥ್ಯ ಬೇರೆ, ಖರ್ಚು ಬೇರೆ. ಕೋಣೆ, ಊಟ, ಪ್ರೀತಿ ಇವು ಆತಿಥ್ಯ. ಮೂವರು ಹೆಚ್ಚಿಗೆ ಬಂದದ್ದರಿಂದ ಏರುವ ವಿದ್ಯುತ್ ಬಿಲ್ಲು, ನೀರು, ಇಂಧನ ಇವು ಖರ್ಚು. ಈ ಎರಡನೆಯದರ ಬಗ್ಗೆ ಮೊದಲ ತಿಂಗಳೊಳಗೆ, ಆತಿಥೇಯ ಕುಟುಂಬದ ಮುಂದಲ್ಲ, ಸಭೆಯ ಹಿರಿಯರ ಮುಂದೆ ಮಾತನಾಡಿ. ಹೊರಗಿನಿಂದ ಬಂದವರಿಂದ ಏನನ್ನಾದರೂ ಪಡೆಯುವ ಪದ್ಧತಿ ಅವರಲ್ಲಿ ಇದೆಯೇ ಎಂದು ಕೇಳಿ, ಇದ್ದರೆ ಅಷ್ಟನ್ನೇ ಖಜಾಂಚಿಯವರಿಗೆ ಕೊಟ್ಟು ರಸೀದಿ ಪಡೆಯಿರಿ. ಅದಕ್ಕಿಂತ ಹೆಚ್ಚು ಕೊಡುವುದು ಔದಾರ್ಯವೆಂದು ತೋರಿದರೂ ನಿಮ್ಮ ನಂತರ ಕಡಿಮೆ ಅನುಕೂಲದೊಂದಿಗೆ ಬರುವ ಸೇವಕರಿಗೆ ಅದು ಹೊರೆಯಾಗುತ್ತದೆ. ನಿಮ್ಮನ್ನು ಕಳುಹಿಸಿದ ಸಂಸ್ಥೆಗೆ ಬರೆಯುವ ವರದಿಯಲ್ಲಿ ಈ ಸಭೆ ಕೊಟ್ಟದ್ದನ್ನೆಲ್ಲ ಅವರ ಕಾಣಿಕೆ ಎಂದೇ ಸ್ಪಷ್ಟವಾಗಿ ದಾಖಲಿಸಿ. ಇಷ್ಟೊಂದು ಕೊಟ್ಟವರನ್ನು ಬರೀ ನೆರವು ಪಡೆಯುವವರೆಂದು ಚಿತ್ರಿಸುವ ವರದಿಗಳನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

ಆದಿ ಸಭೆಯ ಕಾಲದ ‘ದಿದಾಖೆ’ ಎಂಬ ಪುಟ್ಟ ಗ್ರಂಥವು ಸಂಚಾರಿ ಸೇವಕರ ಬಗ್ಗೆ ಕಟ್ಟುನಿಟ್ಟಾಗಿ ಮಾತನಾಡುತ್ತದೆ. ಬಂದ ಅಪೊಸ್ತಲನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು, ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗಿನ ರೊಟ್ಟಿಯನ್ನು ಬಿಟ್ಟು ಬೇರೇನನ್ನೂ ಪಡೆಯಬಾರದು. ನೆಲೆಸಬಯಸುವವನಿಗೆ ಕಸುಬು ಗೊತ್ತಿದ್ದರೆ ದುಡಿದು ಉಣ್ಣಲಿ ಎನ್ನುತ್ತದೆ. ಅದನ್ನು ಅಕ್ಷರಶಃ ಪಾಲಿಸಬೇಕೆಂದು ನಾನು ಹೇಳುತ್ತಿಲ್ಲ, ಆದರೆ ಎಂಟು ತಿಂಗಳು ಅತಿಥಿಯಾಗಿಯೇ ಇರಲಾಗದು ಎಂಬ ಎಚ್ಚರವನ್ನು ಅದರಿಂದ ಪಡೆಯಬಹುದು. ಎರಡನೆಯ ತಿಂಗಳಿನಿಂದ ಆ ಮನೆಯ ಕೆಲಸದಲ್ಲಿ ಪಾಲು ಕೇಳಿ: ನೀರು ತರುವುದು, ಅಂಗಳ ಗುಡಿಸುವುದು, ಅವರ ಹೊಲದಲ್ಲಿ ಕಳೆ ಕೀಳುವುದು. ಹೊಲಕ್ಕೆ ಹೋದಾಗ ತರಬೇತುದಾರರಾಗಿ ಹೋಗಬೇಡಿ, ಕೆಲಸದ ಕೈಯಾಗಿ ಹೋಗಿ; ಅವರು ಹೇಳಿದ ಸಾಲನ್ನು ಅವರು ಹೇಳಿದ ರೀತಿಯಲ್ಲಿ ಮುಗಿಸಿ. ನಮ್ಮನ್ನು ಆ ಮನೆಯವರನ್ನಾಗಿ ಮಾಡಿದ್ದು ಇದೇ.

ಇನ್ನು ಜಮೀನು. ಆ ತಾಕಿನಲ್ಲಿ ಹಿಂದಿನ ವರ್ಷ ಯಾರು ಏನು ಬೆಳೆದಿದ್ದರು, ಈ ಬಾರಿ ಅವರಿಗೆ ಬೇರೆ ವ್ಯವಸ್ಥೆ ಇದೆಯೇ ಎಂದು ಬಿತ್ತುವ ಮೊದಲು ವಿಚಾರಿಸಿ. ಸಭೆ ಒಟ್ಟಾಗಿ ಕೊಟ್ಟದ್ದು ಒಂದು ಕುಟುಂಬದ ವರ್ಷದ ಬೆಳೆಯಾಗಿರಲೂಬಹುದು. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹಂಗಾಮಿಗೆ ಎಂಬುದನ್ನು ಹಿರಿಯರ ಸಹಿಯೊಂದಿಗೆ ಬರೆದಿಟ್ಟುಕೊಳ್ಳಿ, ಫಸಲು ಪೂರ್ತಿಯಾಗಿ ಸಭೆಗೆ ಸೇರುತ್ತದೆ ಎಂದೂ ಅದರಲ್ಲಿ ಬರೆಯಿರಿ. ಪ್ರಯೋಗ ಕೈಕೊಟ್ಟರೆ ನಷ್ಟ ನಿಮಗಲ್ಲ, ಅವರಿಗೆ. ಆದ್ದರಿಂದ ಹೊಸ ತಳಿಯನ್ನೋ ಹೊಸ ಪದ್ಧತಿಯನ್ನೋ ತಾಕಿನ ಒಂದು ಮೂಲೆಗೆ ಸೀಮಿತಗೊಳಿಸಿ, ಉಳಿದಲ್ಲಿ ಅವರ ರೂಢಿಯ ಬೆಳೆಯೇ ಇರಲಿ.

ಬೀಳ್ಕೊಡುವಾಗ ಬಿತ್ತನೆ ಬೀಜ ಕೊಡುತ್ತಾರಂತೆ ಎಂದು ಬರೆದಿದ್ದೀರಿ. ರೈತನು ಕೊಡಬಹುದಾದ ಕಾಣಿಕೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಆದರೂ ಹಾಗೆಯೇ ಪೆಟ್ಟಿಗೆಯಲ್ಲಿ ಹಾಕಿಕೊಂಡು ಗಡಿ ದಾಟಬೇಡಿ. ಕೀಟ ಮತ್ತು ರೋಗಗಳು ಬೀಜದ ಜೊತೆಗೆ ದೇಶದಿಂದ ದೇಶಕ್ಕೆ ಹರಡುತ್ತವೆ, ಅದಕ್ಕಾಗಿಯೇ 1951ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದವಾಯಿತು. ನೀವು ತಲುಪುವ ದೇಶವು ಆ ಬೀಜವನ್ನು ಒಳಬಿಡುತ್ತದೆಯೇ, ಮುಂಗಡ ಪರವಾನಗಿ ಬೇಕೇ ಎಂದು ಮೊದಲು ತಿಳಿದುಕೊಂಡು, ನೀವಿರುವ ದೇಶದ ಸಸ್ಯ ಸಂರಕ್ಷಣಾ ಇಲಾಖೆಯಿಂದ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಪಡೆಯಬೇಕು. ಅದಾಗದಿದ್ದರೆ ಬೀಜವನ್ನು ಎರಡೂ ಕೈಯಲ್ಲಿ ಪಡೆದು, ಕೊಟ್ಟವರ ಜೊತೆಯಲ್ಲೇ ಅಲ್ಲಿಯ ನೆಲದಲ್ಲಿ ಬಿತ್ತಿ ಬನ್ನಿ.

ಕೃತಜ್ಞತೆಯ ಪತ್ರವನ್ನು ಹೊರಡುವ ದಿನಕ್ಕೆಂದು ಇಟ್ಟುಕೊಳ್ಳಬೇಡಿ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಎಪಫ್ರೊದೀತನ ಕೈಯಲ್ಲಿ ನೀವು ಕಳುಹಿಸಿದ್ದು ನನಗೆ ಮುಟ್ಟಿತು ಎಂದು ತಂದವನ ಹೆಸರನ್ನೂ ಹೇಳಿ ಬರೆದಿದ್ದಾನೆ. ನೀವೂ ಒಂದು ಪುಸ್ತಕದಲ್ಲಿ ಯಾವ ದಿನ ಯಾರ ಮನೆಯಿಂದ ಊಟ ಬಂತು, ಹಾಸಿಗೆ ಯಾರದು, ಮಗುವಿನ ಬಟ್ಟೆ ಹೊಲಿದವರು ಯಾರು ಎಂದು ಬರೆದಿಡಿ. ಎಂಟು ತಿಂಗಳಾದ ಮೇಲೆ ಸಭೆಯ ಮುಂದೆ ನಿಂತು ಓದಲು ಬೇಕಾಗುವುದು ಅದೇ. ಮೂರು ವಾರದಲ್ಲಿ ಎಷ್ಟೋ ಹೆಸರುಗಳು ಈಗಾಗಲೇ ಮರೆತಿರಬಹುದು. ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದಾಗಿ ಕೇಳಿ ಬರೆದುಕೊಳ್ಳಿ.