ಕಮ್ಯುನಿಟಿ ಕಾಲೇಜಿನ ಆಡಳಿತಕ್ಕೆ ಡಾಕ್ಟರೇಟ್ ಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಕಮ್ಯುನಿಟಿ ಕಾಲೇಜುಗಳ ನಾಯಕತ್ವ, ನಿರ್ವಹಣೆ ಮತ್ತು ಶಿಕ್ಷಣ ನೀತಿಯಲ್ಲಿ ಉನ್ನತ ವ್ಯಾಸಂಗ ಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಪರಿಚಯವಿಲ್ಲದವರಿಗಾಗಿ ಒಂದು ಮಾತು. ಎರಡು ವರ್ಷಗಳ ಅಸೋಸಿಯೇಟ್ ಪದವಿ, ಉದ್ಯೋಗ ತರಬೇತಿ, ನಾಲ್ಕು ವರ್ಷಗಳ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯ ದಾರಿ, ಈ ಮೂರನ್ನೂ ಬಹುಮಟ್ಟಿಗೆ ಯಾರನ್ನೂ ತಡೆಯದ ಪ್ರವೇಶ ಪದ್ಧತಿಯಲ್ಲಿ ನಡೆಸುವ ಸಂಸ್ಥೆಗಳನ್ನು ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಈ ಬಗೆಯ ಸಾರ್ವಜನಿಕ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಗಣಿತ ಬೋಧಿಸುತ್ತಿದ್ದೇನೆ. ಮುಂದೆ ಡೀನ್ ಆಗಬೇಕೆಂಬ ಆಸೆಯಿದೆ. ನನ್ನ ಎಂ.ಎಸ್ಸಿ. ಸಾಕೇ, ಅಥವಾ ಡಾಕ್ಟರೇಟ್ ಮಾಡಲೇಬೇಕೇ? – ಓದುಗರೊಬ್ಬರು, ಸ್ಯಾಕ್ರಮೆಂಟೊ

ಉತ್ತರ: ನಿಮ್ಮ ರಾಜ್ಯದ ನಿಯಮವನ್ನಷ್ಟೇ ನೋಡುವುದಾದರೆ ಡಾಕ್ಟರೇಟ್ ಕಡ್ಡಾಯವಲ್ಲ. ಶೈಕ್ಷಣಿಕ ಆಡಳಿತಾಧಿಕಾರಿಯಾಗಲು ಸ್ನಾತಕೋತ್ತರ ಪದವಿ ಇರಬೇಕು. ಅದರ ಜೊತೆಗೆ ಆ ಹುದ್ದೆಯ ಕೆಲಸಕ್ಕೆ ಸಂಬಂಧಪಟ್ಟ ತರಬೇತಿ, ಇಂಟರ್ನ್‌ಶಿಪ್ ಅಥವಾ ನಾಯಕತ್ವದ ಅನುಭವ ಒಂದು ವರ್ಷದ್ದಾದರೂ ಇರಬೇಕು. ಕನಿಷ್ಠ ಅರ್ಹತೆ ಇಷ್ಟೇ. ಆದರೆ ಮೇಲಕ್ಕೆ ಹೋದಂತೆ, ಅಂದರೆ ಉಪಾಧ್ಯಕ್ಷ ಮತ್ತು ಅಧ್ಯಕ್ಷ ಹುದ್ದೆಗಳ ಜಾಹೀರಾತುಗಳಲ್ಲಿ, ‘ಡಾಕ್ಟರೇಟ್ ಇದ್ದವರಿಗೆ ಆದ್ಯತೆ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಆಯ್ಕೆ ಸಮಿತಿಯ ಮುಂದೆ ಆ ಸಾಲು ನಿಯಮದಷ್ಟೇ ತೂಕ ಪಡೆಯುತ್ತದೆ.

ಹಾಗಿದ್ದರೂ ನಿಮ್ಮ ಸದ್ಯದ ಕೊರತೆ ಪದವಿಯದಲ್ಲ, ಆ ಒಂದು ವರ್ಷದ ಅನುಭವದ್ದು ಎಂದು ನನಗನ್ನಿಸುತ್ತದೆ. 1988ರ ಎಬಿ 1725 ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಅಧ್ಯಾಪಕರಿಗೆ ಕಾಲೇಜಿನ ಆಡಳಿತದಲ್ಲಿ ಅಧಿಕೃತ ಪಾಲು ಕೊಟ್ಟಿದೆ. ಪಠ್ಯಕ್ರಮ, ಪದವಿಯ ಅಗತ್ಯಗಳು, ಬಜೆಟ್ ರೂಪಿಸುವ ವಿಧಾನ ಮುಂತಾದ ವಿಷಯಗಳಲ್ಲಿ ಆಡಳಿತ ಮಂಡಳಿಯು ಅಧ್ಯಾಪಕರ ಪ್ರತಿನಿಧಿ ಸಂಸ್ಥೆಯಾದ ಅಕಾಡೆಮಿಕ್ ಸೆನೆಟ್‌ನೊಡನೆ ಸಮಾಲೋಚಿಸಲೇಬೇಕು. ಈ ಸೆನೆಟ್, ಪಠ್ಯಕ್ರಮ ಸಮಿತಿ, ಮಾನ್ಯತೆಯ ನವೀಕರಣಕ್ಕಾಗಿ ಕಾಲೇಜು ತಯಾರಿಸುವ ಸ್ವಯಂ ಮೌಲ್ಯಮಾಪನ ವರದಿ, ಇವುಗಳಲ್ಲಿ ಯಾವುದಾದರೊಂದರ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಿ. ಮಾನ್ಯತಾ ವರದಿಯ ಕೆಲಸವನ್ನು ಎಲ್ಲರೂ ತಪ್ಪಿಸಿಕೊಳ್ಳಲು ನೋಡುತ್ತಾರೆ. ಇಡೀ ಕಾಲೇಜನ್ನು ಒಳಗಿನಿಂದ ಓದಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಸಿಗಲಾರದು ಎಂಬುದು ನನ್ನ ಅಭಿಪ್ರಾಯ.

ಡಾಕ್ಟರೇಟ್ ಮಾಡುವುದೇ ಆದರೆ ನಿಮಗೆ ಹತ್ತಿರದಲ್ಲೇ ದಾರಿಯಿದೆ. ಉನ್ನತ ಶಿಕ್ಷಣಕ್ಕಾಗಿ ರಾಜ್ಯ ರೂಪಿಸಿದ 1960ರ ಮಾಸ್ಟರ್ ಪ್ಲಾನ್ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸಂಸ್ಥೆಗಳಲ್ಲಿ ಸ್ವತಂತ್ರವಾಗಿ ಡಾಕ್ಟರೇಟ್ ನೀಡುವ ಅಧಿಕಾರವನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಮೀಸಲಿಟ್ಟಿತ್ತು. 2005ರಲ್ಲಿ ಅಂಗೀಕಾರವಾದ ಕಾನೂನು ಆ ಗೋಡೆಯಲ್ಲಿ ಒಂದು ಬಾಗಿಲು ತೆರೆಯಿತು: ರಾಜ್ಯದ ಇನ್ನೊಂದು ಸಾರ್ವಜನಿಕ ವಿಶ್ವವಿದ್ಯಾಲಯವಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್‌ಗಳು ಶಾಲಾ ಆಡಳಿತ ಮತ್ತು ಕಮ್ಯುನಿಟಿ ಕಾಲೇಜು ಆಡಳಿತಕ್ಕೆ ಜನರನ್ನು ತಯಾರು ಮಾಡುವ ಎಡ್.ಡಿ. (ಡಾಕ್ಟರ್ ಆಫ್ ಎಜುಕೇಶನ್) ಪದವಿಯನ್ನು ತಾವೇ ನೀಡತೊಡಗಿದವು. ಕೆಲಸದಲ್ಲಿರುವವರಿಗೆಂದೇ ರೂಪಿಸಿದ ವ್ಯಾಸಂಗ ಇದು.

ಪ್ರಶ್ನೆ: ಎಡ್.ಡಿ. ಮತ್ತು ಪಿಎಚ್.ಡಿ. ನಡುವೆ ನಿಜವಾದ ವ್ಯತ್ಯಾಸವೇನು? ಎಡ್.ಡಿ.ಯನ್ನು ‘ಸುಲಭದ ಡಾಕ್ಟರೇಟ್’ ಎಂದು ಹೀಗಳೆಯುವವರಿದ್ದಾರೆ. – ವಿದ್ಯಾರ್ಥಿ ಸಲಹೆಗಾರರೊಬ್ಬರು, ಟೆಕ್ಸಾಸ್

ಉತ್ತರ: ಹೀಗಳೆಯುವವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನೂ ಮಾಡಿದವರಲ್ಲ, ಅದನ್ನು ಪಕ್ಕಕ್ಕಿಡೋಣ. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಲು ಅಥವಾ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಲು ಬಯಸುವವರಿಗೆ ಪಿಎಚ್.ಡಿ. ಹೊಂದುತ್ತದೆ. ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನಗಳ ತರಬೇತಿ ಅದರಲ್ಲಿ ಗಟ್ಟಿಯಾಗಿರುತ್ತದೆ, ಅವಧಿಯೂ ಹೆಚ್ಚು. ಈಗಾಗಲೇ ಸಂಸ್ಥೆಯೊಳಗೆ ಇದ್ದು ಅದನ್ನು ನಡೆಸಬೇಕಾದವರಿಗೆ ಎಡ್.ಡಿ. ಇದೆ. ಒಂದೇ ತಂಡವಾಗಿ ಸೇರಿದವರು ವಾರಾಂತ್ಯ ಅಥವಾ ಸಂಜೆಯ ತರಗತಿಗಳಲ್ಲಿ ಕೊನೆಯವರೆಗೆ ಜೊತೆಯಾಗಿ ಓದುವುದು ಇದರ ಸಾಮಾನ್ಯ ಕ್ರಮ. ಎರಡರ ನಡುವಿನ ಗೆರೆ ದಶಕಗಳ ಕಾಲ ಮಸುಕಾಗಿತ್ತು. 2007ರಲ್ಲಿ ಆರಂಭವಾದ ಕಾರ್ನೆಗೀ ಯೋಜನೆಯಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ, ಎಡ್.ಡಿ.ಯ ಮಹಾಪ್ರಬಂಧ ಅಭ್ಯರ್ಥಿಯ ಸ್ವಂತ ವೃತ್ತಿಯಲ್ಲಿ ಎದುರಾದ ಸಮಸ್ಯೆಯಿಂದಲೇ ಹುಟ್ಟಬೇಕು ಎಂಬ ನಿಲುವಿನ ಮೇಲೆ ಅದನ್ನು ಮರುರೂಪಿಸತೊಡಗಿದವು.

ಅಂಥ ಮಹಾಪ್ರಬಂಧ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಒಂದು ಕಾಲೇಜಿನಲ್ಲಿ ಪದವಿ ಮಟ್ಟದ ಗಣಿತಕ್ಕೆ ಮೊದಲು ಎರಡು ಪೂರ್ವಸಿದ್ಧತಾ ಕೋರ್ಸುಗಳಿವೆ ಎನ್ನೋಣ. ಪ್ರತಿ ಕೋರ್ಸಿನಲ್ಲೂ ನೂರಕ್ಕೆ ಎಪ್ಪತ್ತು ಮಂದಿ ತೇರ್ಗಡೆಯಾಗುತ್ತಾರೆ. ತೇರ್ಗಡೆಯಾದವರಲ್ಲಿ ಶೇಕಡಾ 90ರಷ್ಟು ಮಂದಿ ಮುಂದಿನ ಕೋರ್ಸಿಗೆ ಹೆಸರು ನೋಂದಾಯಿಸುತ್ತಾರೆ. ಯಾವ ಅಧ್ಯಾಪಕರ ಕಣ್ಣಿಗೂ ಇದು ಕೆಟ್ಟ ಫಲಿತಾಂಶವಾಗಿ ಕಾಣುವುದಿಲ್ಲ. ಆದರೆ ಮೊದಲ ದಿನ ಕುಳಿತ ನೂರು ಮಂದಿಯನ್ನು ಹಿಂಬಾಲಿಸಿದರೆ, ಮೊದಲ ಕೋರ್ಸಿನಲ್ಲಿ 70 ಮಂದಿ ಪಾಸಾಗಿ, ಎರಡನೆಯದಕ್ಕೆ 63 ಮಂದಿ ಬಂದು, ಅದರಲ್ಲಿ 44 ಮಂದಿ ಪಾಸಾಗಿ, ಮೂರನೆಯದಕ್ಕೆ 40 ಮಂದಿ ಬಂದು, ಕೊನೆಗೆ ಪದವಿ ಮಟ್ಟದ ಗಣಿತ ಮುಗಿಸುವವರು 28 ಮಂದಿ ಮಾತ್ರ. ತರಗತಿವಾರು ವರದಿಗಳಲ್ಲಿ ಆ 28 ಎಲ್ಲಿಯೂ ಕಾಣಿಸುವುದಿಲ್ಲ. ಎಲ್ಲ ಸೆಮಿಸ್ಟರುಗಳ ದಾಖಲೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದವರಿಗೆ ಮಾತ್ರ ಅದು ಕಾಣುತ್ತದೆ. ಎಡ್.ಡಿ. ಅಭ್ಯರ್ಥಿ ಮಾಡಬೇಕಾದದ್ದು ಈ ಜೋಡಣೆಯನ್ನೇ. ಅನುತ್ತೀರ್ಣರಾದವರು ಯಾರು, ಪಾಸಾಗಿಯೂ ಮರಳಿ ಬಾರದವರು ಯಾರು, ಅವರು ಯಾಕೆ ಬರಲಿಲ್ಲ ಎಂಬುದನ್ನು ಬೇರೆಬೇರೆಯಾಗಿ ಹುಡುಕಿ, ಒಂದು ಬದಲಾವಣೆಯನ್ನು ಮಾಡಿ ನೋಡಿ, ಅದರ ಪರಿಣಾಮವನ್ನು ಅಳೆಯಬೇಕು.

ಇದು ಬರಿಯ ಅಭ್ಯಾಸದ ಲೆಕ್ಕವಲ್ಲ. ಇಂಥ ಸೋರಿಕೆಯ ಅರಿವಿನಿಂದಲೇ ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಎಂಬ ಕಾನೂನು ತಂದು, ವಿದ್ಯಾರ್ಥಿಗಳನ್ನು ಮಟ್ಟ ನಿರ್ಧರಿಸುವ ಪರೀಕ್ಷೆಯ ಬದಲು ಪ್ರೌಢಶಾಲೆಯ ಸಾಧನೆಯ ಆಧಾರದಲ್ಲಿ ಕೋರ್ಸುಗಳಿಗೆ ಸೇರಿಸುವ ಕಡೆಗೆ ಹೊರಳಿತು. ವರ್ಗಾವಣೆಗೆ ಸಲ್ಲುವ ಗಣಿತ ಮತ್ತು ಇಂಗ್ಲಿಷನ್ನು ಅವರು ಒಂದು ವರ್ಷದೊಳಗೆ ಮುಗಿಸುವ ಸಾಧ್ಯತೆ ಗರಿಷ್ಠವಾಗಿರಬೇಕೆಂದು ಕಾಲೇಜುಗಳಿಗೆ ವಿಧಿಸಿತು. ಆ ಕಾನೂನಿನ ಬಗ್ಗೆ ಅಧ್ಯಾಪಕರಲ್ಲಿ ಇನ್ನೂ ಜಗಳ ಮುಗಿದಿಲ್ಲ. ತಳಹದಿ ದುರ್ಬಲವಾಗಿರುವ ವಿದ್ಯಾರ್ಥಿಯನ್ನು ನೇರವಾಗಿ ಮೇಲಿನ ತರಗತಿಗೆ ಕೂರಿಸುವುದು ನ್ಯಾಯವೇ ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ನಿಮ್ಮ ವೃತ್ತಿಗೆ ಎಡ್.ಡಿ.ಯೇ ಸರಿ. ಕಮ್ಯುನಿಟಿ ಕಾಲೇಜುಗಳ ಆಯ್ಕೆ ಸಮಿತಿಗಳು ಸಾಮಾನ್ಯವಾಗಿ ಇವೆರಡರ ನಡುವೆ ಭೇದ ಎಣಿಸುವುದಿಲ್ಲ.

ಪ್ರಶ್ನೆ: ನಾಯಕತ್ವವನ್ನು ತರಗತಿಯಲ್ಲಿ ಕಲಿಸಲು ಬರುತ್ತದೆಯೇ? ಇಂಥ ವ್ಯಾಸಂಗದಲ್ಲಿ ವಾಸ್ತವವಾಗಿ ಏನನ್ನು ಓದುತ್ತಾರೆ? – ಓದುಗರೊಬ್ಬರು, ಮೇರಿಲ್ಯಾಂಡ್

ಉತ್ತರ: ನಾಯಕತ್ವದ ಸಿದ್ಧಾಂತಗಳು ಪಠ್ಯದಲ್ಲಿ ಇರುತ್ತವೆ, ಓದಲು ಹಿತವಾಗಿಯೂ ಇರುತ್ತವೆ. ಆದರೆ ಈ ವ್ಯಾಸಂಗದ ತಿರುಳಿರುವುದು ಹಣಕಾಸು, ಕಾನೂನು ಮತ್ತು ಅಂಕಿಅಂಶಗಳಲ್ಲಿ. ಒಂದು ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ನಾಯಕತ್ವದ ಹೆಸರಿನ ಕೋರ್ಸುಗಳು ನಾಲ್ಕಿದ್ದು ಹಣಕಾಸಿನ ಕೋರ್ಸು ಒಂದೂ ಇಲ್ಲದಿದ್ದರೆ ಅಲ್ಲಿಗೆ ಸೇರಬೇಡಿ ಎಂದೇ ಹೇಳುತ್ತೇನೆ.

ಯಾಕೆಂದರೆ ಕಾಲೇಜಿಗೆ ಹಣ ಯಾವ ಸೂತ್ರದ ಪ್ರಕಾರ ಬರುತ್ತದೆಯೋ ಕಾಲೇಜು ನಿಧಾನವಾಗಿ ಆ ಸೂತ್ರದ ಆಕಾರಕ್ಕೆ ಬರುತ್ತದೆ. ಬಹಳ ಕಾಲ ಈ ಸೂತ್ರ ದಾಖಲಾತಿಯನ್ನು ಮಾತ್ರ ಎಣಿಸುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 525 ಗಂಟೆಗಳ ಬೋಧನೆ ಸೇರಿದರೆ ಒಬ್ಬ ಪೂರ್ಣಾವಧಿ ವಿದ್ಯಾರ್ಥಿಗೆ ಸಮ. ಹೀಗಾಗಿ ಒಬ್ಬರೇ ಪೂರ್ತಿ ಹೊತ್ತು ಓದಲಿ, ಮೂವರು ಹಂಚಿಕೊಂಡು ಸಂಜೆ ಓದಲಿ, ಲೆಕ್ಕ ಒಂದೇ. ಅವರಲ್ಲಿ ಯಾರಾದರೂ ಪದವಿ ಮುಗಿಸಿದರೇ ಎಂಬುದು ಅನುದಾನಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿರಲಿಲ್ಲ. 2018ರಲ್ಲಿ ಬಂದ ಹೊಸ ಸೂತ್ರ ಇದನ್ನು ಬದಲಿಸಿ, ಸುಮಾರು ಶೇಕಡಾ 70ರಷ್ಟನ್ನು ದಾಖಲಾತಿ ಮುಂತಾದ ಮೂಲ ಅಂಶಗಳಿಗೆ, 20ರಷ್ಟನ್ನು ಕಡಿಮೆ ಆದಾಯದ ವಿದ್ಯಾರ್ಥಿಗಳ ಸಂಖ್ಯೆಗೆ, 10ರಷ್ಟನ್ನು ವಿದ್ಯಾರ್ಥಿಗಳ ಯಶಸ್ಸಿಗೆ ಜೋಡಿಸಿತು. ಟೆಕ್ಸಾಸ್ 2023ರಲ್ಲಿ ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿಗಳು ಪಡೆದ ಪದವಿ ಮತ್ತು ಪ್ರಮಾಣಪತ್ರಗಳು, ಕನಿಷ್ಠ 15 ಕ್ರೆಡಿಟ್ ಗಳಿಸಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡವರ ಸಂಖ್ಯೆ, ಇಂಥ ಫಲಿತಾಂಶಗಳನ್ನೇ ರಾಜ್ಯದ ಅನುದಾನದ ಮುಖ್ಯ ಆಧಾರವಾಗಿಸಿತು. ಹಾಗಾದಾಗ ಡೀನ್ ಆದವರ ಮುಂದೆ ಬರುವ ಪ್ರಶ್ನೆಗಳೇ ಬದಲಾಗುತ್ತವೆ. ಬೇಗ ಮುಗಿಯುವ ಪ್ರಮಾಣಪತ್ರಗಳ ಕಡೆಗೆ ಕಾಲೇಜು ವಾಲುತ್ತದೆಯೇ? ಪದವಿಯ ಉದ್ದೇಶವಿಲ್ಲದೆ ಒಂದೇ ಕೋರ್ಸಿಗಾಗಿ ಬರುವ ಹಿರಿಯ ಕಾರ್ಮಿಕನಿಗೆ ಇನ್ನು ಅಲ್ಲಿ ಜಾಗವಿದೆಯೇ? ನೀತಿ ಅಧ್ಯಯನವೆಂದರೆ ಇದೇ.

ಇನ್ನೊಂದು ಉದಾಹರಣೆ ಟೆನೆಸೀ ರಾಜ್ಯದ್ದು. ಅಲ್ಲಿ 2015ರಿಂದ ಪ್ರೌಢಶಾಲೆ ಮುಗಿಸಿದವರಿಗೆ ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕವಿಲ್ಲ. ಕೇಳಲು ಸರಳ. ಆದರೆ ರಾಜ್ಯ ಕೊಡುವುದು ಇತರ ನೆರವುಗಳೆಲ್ಲ ಕಳೆದು ಉಳಿದ ಬಾಕಿಯನ್ನು ಮಾತ್ರ. ಕೇಂದ್ರ ಸರ್ಕಾರದ ಪೆಲ್ ಅನುದಾನದಿಂದಲೇ ಶುಲ್ಕ ಭರಿಸುವ ಬಡ ವಿದ್ಯಾರ್ಥಿಗೆ ರಾಜ್ಯದಿಂದ ಹೊಸದಾಗಿ ಬರುವ ಹಣ ಬಹಳ ಕಡಿಮೆ, ಕೆಲವೊಮ್ಮೆ ಏನೂ ಇಲ್ಲ. ಪೆಲ್‌ಗೆ ಅರ್ಹವಲ್ಲದ ಮಧ್ಯಮ ವರ್ಗದವರಿಗೆ ಪೂರ್ತಿ ಲಾಭ. ಹಾಗೆಂದು ಯೋಜನೆ ವ್ಯರ್ಥವೆನ್ನಲಾಗದು, ಏಕೆಂದರೆ ‘ಶುಲ್ಕವಿಲ್ಲ’ ಎಂಬ ಸ್ಪಷ್ಟವಾದ ಮಾತೇ ಅನೇಕರನ್ನು ಅರ್ಜಿ ಹಾಕುವಂತೆ ಮಾಡುತ್ತದೆ. ಎರಡೂ ವಾದಗಳನ್ನು ಲೆಕ್ಕ ಸಮೇತ ಮಂಡಿಸುವ ಶಕ್ತಿ ಒಳ್ಳೆಯ ವ್ಯಾಸಂಗದಿಂದ ಬರಬೇಕು.

ಈ ಅಧ್ಯಯನ ಕ್ಷೇತ್ರ ಹೊಸದೇನಲ್ಲ. 1960ರ ಸುಮಾರಿಗೆ ಕೆಲಾಗ್ ಫೌಂಡೇಶನ್ನಿನ ಧನಸಹಾಯದಿಂದ ಹಲವು ವಿಶ್ವವಿದ್ಯಾಲಯಗಳಲ್ಲಿ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿನ ಹಳೆಯ ಹೆಸರು) ನಾಯಕತ್ವದ ತರಬೇತಿ ಆರಂಭವಾಯಿತು. ಅಮೆರಿಕನ್ ಅಸೋಸಿಯೇಷನ್ ಆಫ್ ಕಮ್ಯುನಿಟಿ ಕಾಲೇಜಸ್ 2005ರಲ್ಲಿ ಪ್ರಕಟಿಸಿ ಅನಂತರ ಪರಿಷ್ಕರಿಸುತ್ತ ಬಂದಿರುವ ಸಾಮರ್ಥ್ಯಗಳ ಪಟ್ಟಿಯನ್ನು ಇಂದು ಅನೇಕ ಪಠ್ಯಕ್ರಮಗಳು ಅನುಸರಿಸುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿರುವ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದ ವರದಿಗಳು ಉಚಿತವಾಗಿ ಸಿಗುತ್ತವೆ. ಸೇರುವ ಮುನ್ನ ಅವುಗಳಲ್ಲಿ ಮೂರು ನಾಲ್ಕನ್ನು ಓದಿ. ಬೇಸರ ಬಂದರೆ ಈ ದಾರಿ ನಿಮ್ಮದಲ್ಲವೆಂದು ಶುಲ್ಕ ಕಟ್ಟುವ ಮೊದಲೇ ಗೊತ್ತಾದಂತಾಯಿತು.

ಪ್ರಶ್ನೆ: ಖರ್ಚನ್ನು ಹೇಗೆ ನಿಭಾಯಿಸುವುದು? ಸಾಲ ಮಾಡಿ ಓದಬಹುದೇ? – ಗ್ರೀನ್ ಕಾರ್ಡ್ ಹೊಂದಿರುವ ಅರೆಕಾಲಿಕ ಅಧ್ಯಾಪಕಿ, ನ್ಯೂಜೆರ್ಸಿ

ಉತ್ತರ: ಮೊದಲು ನಿಮ್ಮ ಕಾಲೇಜಿನ ಸಿಬ್ಬಂದಿ ವಿಭಾಗವನ್ನು ವಿಚಾರಿಸಿ. ಉದ್ಯೋಗದಾತರು ನೌಕರರ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಡುವ ಹಣಕ್ಕೆ ನೌಕರರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಸಾಲದ ನಿಯಮಗಳು ಬದಲಾಗಿವೆ. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ, ಪದವಿಯ ಮೇಲಿನ ವ್ಯಾಸಂಗಕ್ಕೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ವೈದ್ಯಕೀಯ, ಕಾನೂನಿನಂಥ ವೃತ್ತಿಪರ ಪದವಿಗಳನ್ನು ಬಿಟ್ಟು ಉಳಿದ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ವ್ಯಾಸಂಗಕ್ಕೆ ಕೇಂದ್ರ ಸರ್ಕಾರದ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್.

ಅರೆಕಾಲಿಕ ಅಧ್ಯಾಪಕರಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಸಾರ್ವಜನಿಕ ಸೇವೆಯಲ್ಲಿ ಪೂರ್ಣಾವಧಿ ದುಡಿಯುತ್ತ 120 ಕಂತುಗಳನ್ನು ಕಟ್ಟಿದವರ ಉಳಿದ ಸಾಲ ಮನ್ನಾ ಆಗುವ ಯೋಜನೆಯಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 30 ಗಂಟೆ. 2023ರ ಜುಲೈಯಿಂದ ಅರೆಕಾಲಿಕ ಅಧ್ಯಾಪಕರ ಪ್ರತಿ ಕ್ರೆಡಿಟ್ ಗಂಟೆಯನ್ನು ಕನಿಷ್ಠ 3.35ರಿಂದ ಗುಣಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಅಂದರೆ ಮೂರು ಕ್ರೆಡಿಟ್‌ಗಳ ಮೂರು ಕೋರ್ಸು ಬೋಧಿಸಿದರೆ 30 ಗಂಟೆ ದಾಟುತ್ತದೆ; ಅವು ಬೇರೆಬೇರೆ ಸಾರ್ವಜನಿಕ ಕಾಲೇಜುಗಳಲ್ಲಿ ಇದ್ದರೂ ಸೇರಿಸಿ ಎಣಿಸಬಹುದು.

ತರಗತಿಗಳೆಲ್ಲ ಮುಗಿದು ಮಹಾಪ್ರಬಂಧ ಮುಗಿಯದೆ ನಿಂತರೆ ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ಸೇರುವ ಮುನ್ನ ವಿಭಾಗದವರನ್ನು ನೇರವಾಗಿ ಕೇಳಿ: ಐದು ವರ್ಷಗಳ ಹಿಂದೆ ಸೇರಿದ ತಂಡದಲ್ಲಿ ಎಷ್ಟು ಮಂದಿ ಪದವಿ ಪಡೆದಿದ್ದಾರೆ? ಉತ್ತರ ಸುತ್ತುಬಳಸಿ ಬಂದರೆ ಬೇರೆ ಕಡೆ ನೋಡಿ.

ಪ್ರಶ್ನೆ: ನಾನು ಭಾರತದಲ್ಲಿ ಕಾಲೇಜು ಉಪನ್ಯಾಸಕ. ಈ ವಿಷಯದಲ್ಲಿ ಡಾಕ್ಟರೇಟ್ ಮಾಡಲು ನೇರವಾಗಿ ಅಮೆರಿಕಕ್ಕೆ ಹೋಗಬಹುದೇ? – ಓದುಗರೊಬ್ಬರು

ಉತ್ತರ: ಹೋಗಬಹುದು, ಆದರೆ ಎಡ್.ಡಿ.ಗೆ ಅಲ್ಲ. ಅದರ ವಾರಾಂತ್ಯದ ಮತ್ತು ಆನ್‌ಲೈನ್ ತರಗತಿಗಳು ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ನಿಯಮಗಳಿಗೆ ಹೊಂದುವುದು ಕಷ್ಟ. ಪೂರ್ಣಾವಧಿ ವ್ಯಾಸಂಗದ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸನ್ನು ಹಿಡಿಯಲು ಅವಕಾಶವಿದೆ. ಮೇಲಾಗಿ ಆ ವ್ಯಾಸಂಗಕ್ಕೆ ಅಭ್ಯರ್ಥಿ ಅಲ್ಲಿನ ಕಾಲೇಜಿನೊಳಗೆ ಕೆಲಸದಲ್ಲಿರಬೇಕು, ಅದೇ ಅದರ ಬುನಾದಿ. ನಿಮಗೆ ಹೊಂದುವುದು ಸಂಶೋಧನಾ ವಿಶ್ವವಿದ್ಯಾಲಯದ ಪೂರ್ಣಾವಧಿ ಪಿಎಚ್.ಡಿ., ಅದೂ ಬೋಧನಾ ಶುಲ್ಕ ಮನ್ನಾ ಮತ್ತು ಸಹಾಯಕ ವೇತನ ಸಿಕ್ಕಿದರೆ ಮಾತ್ರ. ಪದವಿಯ ನಂತರ ಕೆಲಸದ ಅನುಮತಿ ಸಾಮಾನ್ಯವಾಗಿ 12 ತಿಂಗಳು. ಅರ್ಜಿಯ ಜೊತೆ ಕಳಿಸುವ ಉದ್ದೇಶ ಪತ್ರದಲ್ಲಿ ಸೇವೆ, ಕನಸು, ಹಂಬಲಗಳನ್ನು ಬರೆಯದೆ, ಯಾವ ಪ್ರಾಧ್ಯಾಪಕರ ಯಾವ ಸಂಶೋಧನೆಯ ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ ಎಂಬುದನ್ನು ಎರಡು ಪುಟಗಳೊಳಗೆ ಬರೆಯಿರಿ.