ಹೆಂಗೆ ಗೊತ್ತಾಯ್ತು ಅನ್ನೋದನ್ನ ಬರೀರಿ

ನಮಸ್ಕಾರ. ನೆಗಡಿ ತರೋ ಕೊರೊನಾವೈರಸ್ ಮೊದಲ ಸಲ ಸಿಕ್ಕಿದ್ದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯಾನೂ ಚೆನ್ನಾಗಿ ಆರಿಸ್ಕೊಂಡಿದ್ದೀರಿ. ಆದ್ರೆ ಮೂರನೇ ಪ್ಯಾರಾ ಓದಿ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಅದೊಂದರ ಬಗ್ಗೆನೇ ಬರೀತೀನಿ.

“ನೆಗಡಿಯಾದ ಹುಡುಗನೊಬ್ಬನ ಮೂಗಿನ ದ್ರವವನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಿದಾಗ ಹೊಸ ವೈರಸ್ ಕಂಡುಬಂತು” ಅಂದಿದ್ದೀರಿ. ಯಾರಿಗೆ ಕಂಡಿತು? ಇಷ್ಟು ಸಲೀಸಾಗಿ ಕಂಡಿದ್ರೆ ವರ್ಷಗಟ್ಟಲೆ ಯಾಕೆ ಒದ್ದಾಡ್ತಿದ್ರು? ಆ ಮೂಗು ತೊಳೆದ ನೀರು, ಬಿ814 ಅಂತ ಗುರುತು ಹಾಕಿದ್ದು, ಇಂಗ್ಲೆಂಡಿನ ಸಾಲಿಸ್ಬರಿಯ ಕಾಮನ್ ಕೋಲ್ಡ್ ಯೂನಿಟ್ ಅನ್ನೋ ನೆಗಡಿ ಸಂಶೋಧನಾ ಕೇಂದ್ರದಲ್ಲಿತ್ತು. ಸ್ವಯಂಸೇವಕರ ಮೂಗಿಗೆ ಹಾಕಿದ್ರೆ ನೆಗಡಿ ಬರ್ತಿತ್ತು, ಅಂದ್ರೆ ಒಳಗೆ ಏನೋ ಇದೆ, ಆದ್ರೆ ಆಗ ಲ್ಯಾಬುಗಳಲ್ಲಿ ಬಳಸ್ತಿದ್ದ ಮಾಮೂಲಿ ಕಲ್ಚರಿಗೆ, ಅಂದ್ರೆ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ, ಹಾಕಿದ್ರೆ ಅದು ಬೆಳೀತಾನೇ ಇರ್ಲಿಲ್ಲ. ಈ ಕಗ್ಗಂಟೇ ನಿಮ್ಮ ಲೇಖನದ ಜೀವ, ಅದನ್ನೇ ನುಂಗಿಬಿಟ್ಟಿದ್ದೀರಿ.

ಮುಂದಿನ ಸಾಲು ಇನ್ನೂ ಕಷ್ಟ: “ನಂತರ ಅದನ್ನು ಪ್ರಯೋಗಾಲಯದಲ್ಲಿ ಯಶಸ್ವಿಯಾಗಿ ಬೆಳೆಸಲಾಯಿತು.” ಕಣ್ಣಿಗೇ ಕಾಣದ್ದು ಬೆಳೀತಾ ಇದೆ ಅಂತ ಹೇಳೋದು ಹೆಂಗೆ? ಆ ಯೂನಿಟ್ಟಿನ ವಿಜ್ಞಾನಿಗಳಾದ ಡೇವಿಡ್ ಟಿರೆಲ್ ಮತ್ತು ಬೈನೋ ಮಾನವ ಭ್ರೂಣದ ಶ್ವಾಸನಾಳದ ಚೂರುಗಳನ್ನ ಜೀವಂತವಾಗಿಟ್ಟು ಅದಕ್ಕೆ ಈ ಮಾದರಿ ಹಾಕಿದ್ರು, ಆಮೇಲೆ ಆ ದ್ರವ ತೆಗೆದು ಹೊಸ ಚೂರಿಗೆ, ಅಲ್ಲಿಂದ ಮತ್ತೊಂದಕ್ಕೆ, ಹಿಂಗೇ ದಾಟಿಸ್ತಾ ಹೋದ್ರು. ಪ್ರತಿ ಸಲಾನೂ ಮೂಲ ಮಾದರಿ ತೆಳ್ಳಗಾಗ್ತಾ ಹೋಗುತ್ತೆ, ಬೆಳೆಯದೇ ಇದ್ರೆ ಕೊನೆಗೆ ಏನೂ ಉಳಿಯಲ್ಲ. ಆದ್ರೆ ಆ ಕೊನೇ ದ್ರವ ಹಾಕಿಸ್ಕೊಂಡವರಿಗೂ ನೆಗಡಿ ಬಂತು! ಬೆಳೆದಿದೆ ಅನ್ನೋಕೆ ಪುರಾವೆ ಅದು. ಈಥರ್ ಅನ್ನೋ ರಾಸಾಯನಿಕ ಸೋಕಿಸಿದ್ರೆ ಅದರ ಶಕ್ತಿ ಹೋಗ್ತಿತ್ತು, ನೆಗಡಿ ತರುತ್ತೆ ಅಂತ ಆಗಲೇ ಗೊತ್ತಿದ್ದ ರೈನೋವೈರಸ್ ಈಥರಿಗೆ ಜಗ್ಗಲ್ಲ, ಹಂಗಾಗಿ ಇದು ಬೇರೆ ಜಾತಿ. ಇಷ್ಟೆಲ್ಲ 1965ರಲ್ಲೇ ಪ್ರಕಟವಾಯ್ತು, ಇನ್ನೂ ಯಾರೂ ಅದರ ರೂಪ ನೋಡಿರ್ಲಿಲ್ಲ. ವೈರಸ್ ವಿಜ್ಞಾನಿ ಜೂನ್ ಅಲ್ಮೇಡಾ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದನ್ನ ನೋಡಿದ್ದು, ಕೋಳಿಗಳ ಬ್ರಾಂಕೈಟಿಸ್ ವೈರಸ್ಸಿನ ಥರಾನೇ ಇದೆ ಅಂದಿದ್ದು, ಎಲ್ಲಾ ಆಮೇಲಿನ ಮಾತು. ನೀವು ಮೈಕ್ರೋಸ್ಕೋಪನ್ನ ಮೊದಲೇ ತಂದು ಕೂರಿಸಿದ್ದರಿಂದ ಟಿರೆಲ್ ಅವರ ಯೋಚನೆಗೆ ಜಾಗಾನೇ ಇಲ್ಲದಂಗಾಗಿದೆ.

ನಾನು ಡೆಸ್ಕಿಗೆ ಸೇರಿದ ಹೊಸದ್ರಲ್ಲಿ ನಮ್ಮ ಹಿರಿಯ ಸಂಪಾದಕರು ವಿಜ್ಞಾನ ಬರೆಯೋರನ್ನೆಲ್ಲ ಲ್ಯಾಬಿಗೆ ಅಟ್ಟೋರು, ಸುಮ್ನೆ ಕೂತು ನೋಡ್ಕೊಂಡು ಬನ್ನಿ ಅಂತ. ಅಲ್ಲೊಬ್ಬ ಟೆಕ್ನಿಶಿಯನ್ ದಿನಾ ಬೆಳಿಗ್ಗೆ ಮೊದಲು ನೋಡ್ತಿದ್ದದ್ದು ವೈರಸ್ ಹಾಕದೇ ಇರೋ ಫ್ಲಾಸ್ಕನ್ನ. ಅದರಲ್ಲೂ ಕೋಶಗಳು ಉಂಡೆಯಾಗಿ ತಳ ಬಿಟ್ಟು ತೇಲ್ತಾ ಇದ್ರೆ, ಪಕ್ಕದ ಫ್ಲಾಸ್ಕಿನಲ್ಲಾದ ಹಾನಿಗೆ ವೈರಸ್ಸೇ ಕಾರಣ ಅನ್ನೋ ಹಾಗಿಲ್ಲ, ಅವತ್ತಿನ ಲೆಕ್ಕ ಅಲ್ಲಿಗೇ ಮುಗೀತು. ಅವರು ಅದನ್ನ ನನಗೆ ವಿವರಿಸಲೇ ಇಲ್ಲ, ಮಾಡ್ತಾ ಇದ್ದದ್ದನ್ನ ನೋಡಿನೇ ಅರ್ಥ ಆಯ್ತು, ಅವತ್ತಿಂದ ಯಾವ ಲೇಖನ ಕೈಗೆ ಬಂದ್ರೂ ನಾನು ಮೊದಲು ಹುಡುಕೋದು ಆ ಖಾಲಿ ಫ್ಲಾಸ್ಕನ್ನ. ನಿಮ್ಮದ್ರಲ್ಲಿ ಅದು ಇಲ್ಲ. ಸಾಲಿಸ್ಬರಿಯಲ್ಲೂ ಕೆಲವರ ಮೂಗಿಗೆ ವೈರಸ್ ಇಲ್ಲದ ದ್ರವಾನೇ ಹಾಕ್ತಿದ್ರು, ಯಾರಿಗೆ ಯಾವುದು ಅಂತ ಹಾಕಿಸ್ಕೊಂಡವರಿಗೆ ಗೊತ್ತಿರ್ತಿರ್ಲಿಲ್ಲ, ಇದನ್ನ ಬರೀದೇ ಇದ್ರೆ ಓದೋರು ನಿಮ್ಮನ್ನ ಯಾಕೆ ನಂಬಬೇಕು?

ವೈರಸ್ಸಿಗೆ ನೀವು ಕೊಟ್ಟಿರೋ “ಅದೃಶ್ಯ ರಾಕ್ಷಸ” ಅನ್ನೋ ಹೆಸರನ್ನ ದಯವಿಟ್ಟು ತೆಗೀರಿ. ಮೂರನೇ ಪ್ಯಾರಾನ ಎರಡು ಪುಟ ಆದ್ರೂ ಪರವಾಗಿಲ್ಲ, ಬಿಡಿಸಿ ಬರೀರಿ, ಜಾಗ ನಾನು ಮಾಡ್ಕೊಡ್ತೀನಿ. ಶಿಕಾಗೋದಲ್ಲಿ ಡೊರೊಥಿ ಹಾಮ್ರೆ ಮತ್ತು ಪ್ರಾಕ್‌ನೋ 229ಇ ಅನ್ನೋ ಇನ್ನೊಂದು ನೆಗಡಿ ಕೊರೊನಾವೈರಸ್ಸನ್ನ ಕೋಶಗಳ ಕಲ್ಚರಿನಲ್ಲೇ ಬೆಳೆಸಿ 1966ರಲ್ಲಿ ಪ್ರಕಟಿಸಿದ್ದನ್ನೂ ಅಲ್ಲೇ ಸೇರಿಸಿ.