ಹರಿದಿನವೂ ಸಕ್ಕರೆ ಮಾತ್ರೆಯೂ

ಪ್ರಶ್ನೆ: ನಾನು ಠಾಣೆಯ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಊರು ಉಡುಪಿ ಕಡೆ, ಮನೆ ಡೊಂಬಿವಲಿ. 72ರ ಅಪ್ಪ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದವರು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಹರಿದಿನವಾದ ಏಕಾದಶಿಯಂದು ಏನೂ ತಿನ್ನುವುದಿಲ್ಲ, ಆದರೆ ಮಾತ್ರೆಯನ್ನು ತೀರ್ಥದೊಂದಿಗೆ ನುಂಗುತ್ತಾರೆ. ಕಳೆದ ಬಾರಿ ಮಧ್ಯಾಹ್ನ ಬೆವೆತು, ಕೈ ನಡುಗಿ, ಮಾತು ತೊದಲಿತು. ಬಂಧುಗಳ ಎದುರೇ ‘ಇದೆಲ್ಲ ಮೂಢನಂಬಿಕೆ’ ಎಂದುಬಿಟ್ಟೆ. ಅಂದಿನಿಂದ ಮಾತಿಲ್ಲ. ವಿಜ್ಞಾನವನ್ನು ಅವರಿಗೆ ಹೇಗೆ ತಿಳಿಸಲಿ?
– ಹೆಸರು ಬೇಡ

ಉತ್ತರ: ಜೀವದ ವಿಷಯ ಮೊದಲು, ಮನಸ್ತಾಪ ಆಮೇಲೆ. ಗ್ಲಿಮೆಪಿರೈಡ್ ಹೊಟ್ಟೆ ಖಾಲಿಯಿದ್ದರೂ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ನೀವು ಬರೆದ ಲಕ್ಷಣಗಳು ರಕ್ತದ ಸಕ್ಕರೆ ಕುಸಿದಾಗ ಕಾಣುವಂಥವೇ. ಮುಂದೆ ಹಾಗಾದರೆ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಮೂರು–ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಈ ಮಾತ್ರೆಯಿಂದ ಇಳಿದ ಸಕ್ಕರೆ ಏರಿದ ಮೇಲೂ ಪುನಃ ಇಳಿಯಬಹುದು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಈಗ ನಿಮ್ಮ ಮಾತು. ಅಪ್ಪನಿಗೆ ಗೊತ್ತಿರದಿದ್ದುದು ಮಾತ್ರೆಯ ಗುಣ, ನೀವು ಹಳಿದದ್ದು ಅವರ ಹರಿದಿನವನ್ನು. ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ಅವರಿಗೆ ಯಾರಾದರೂ ಹೇಳಿದ್ದರೇ? ನಿಮ್ಮ ಪತ್ರದಲ್ಲಂತೂ ಅದರ ಸುಳಿವಿಲ್ಲ. ಈ ಮಾತ್ರೆ ಆರ್ಡರ್ ಇಲ್ಲದಿದ್ದರೂ ದೋಸೆ ಹೊಯ್ಯುತ್ತಲೇ ಇರುವ ಭಟ್ಟರ ಹಾಗೆ ಎಂದರೆ ಹೋಟೆಲಿನವರಿಗೆ ತಟ್ಟನೆ ಅರ್ಥವಾದೀತು. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಗೆ ಇಲ್ಲಿ ಕೆಲಸವೇ ಇಲ್ಲ.

ಇನ್ನೊಂದು ಆಮಿಷವಿದೆ, ಅದಕ್ಕೂ ಬೀಳಬೇಡಿ. ಏಕಾದಶಿ ಉಪವಾಸಕ್ಕೆ ನೊಬೆಲ್ ಬಂದಿದೆ ಎಂಬ ವಾಟ್ಸಾಪ್ ಸಂದೇಶ ನಿಮ್ಮ ಮನೆಗೂ ಬಂದಿರುತ್ತದೆ. ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರ ಬಹುಮಾನ ಬಂದದ್ದು, ಜೀವಕೋಶ ತನ್ನದೇ ಭಾಗಗಳನ್ನು ಅರಗಿಸಿಕೊಳ್ಳುವ ಬಗೆಯನ್ನು ಬಿಡಿಸಿದ್ದಕ್ಕೆ. ಅವರ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ಅಪ್ಪನನ್ನು ಒಲಿಸಿಕೊಳ್ಳಲು ‘ನಿಮ್ಮ ವ್ರತ ವೈಜ್ಞಾನಿಕ’ ಎಂದರೆ ಅದೂ ಸುಳ್ಳೇ. ಅವರು ಉಪವಾಸ ಇರುವುದು ಹರಿಗಾಗಿ, ಯೀಸ್ಟಿಗಾಗಿ ಅಲ್ಲ.

ರಂಜಾನ್ ಉಪವಾಸದ ವಿಷಯದಲ್ಲಿ ವೈದ್ಯರು ಹಿಡಿದ ದಾರಿ ನನಗೆ ಮೆಚ್ಚುಗೆಯಾಗುತ್ತದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತೊಂದು ಸಂಸ್ಥೆಯೊಡನೆ ಸೇರಿ ಇದಕ್ಕೆಂದೇ 2016ರಲ್ಲಿ ಮಾರ್ಗಸೂಚಿ ತಂದು, 2021ರಲ್ಲಿ ಪರಿಷ್ಕರಿಸಿತು. ಅದರಲ್ಲಿ ನಂಬಿಕೆಯೊಡನೆ ಜಗಳವಿಲ್ಲ, ಧರ್ಮಗುರುಗಳ ಅಭಿಪ್ರಾಯಕ್ಕೂ ಜಾಗವಿದೆ. 6–8 ವಾರ ಮೊದಲೇ ವೈದ್ಯರನ್ನು ಕಾಣಬೇಕು, ಸಕ್ಕರೆ 70ಕ್ಕಿಂತ ಇಳಿದರೆ ಇಲ್ಲವೇ 300 ದಾಟಿದರೆ ಉಪವಾಸ ಮುರಿಯಬೇಕು, ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಕೆಡುವುದಿಲ್ಲ. ಅಪಾಯ ಹೆಚ್ಚಿರುವವರಿಗೆ ಉಪವಾಸ ಬೇಡವೆಂದು ನೇರವಾಗಿಯೇ ಹೇಳುತ್ತದೆ. ಏಕಾದಶಿ ಹದಿನೈದು ದಿನಕ್ಕೊಮ್ಮೆ ಬರುವುದರಿಂದ ನಿಮಗೆ ಅಷ್ಟು ಕಾಲಾವಕಾಶವಿಲ್ಲ. ಈ ವಾರವೇ ವೈದ್ಯರ ಸಮಯ ಕೇಳಿ. ಮಾತ್ರೆ ಬಿಡುವುದೋ, ಪ್ರಮಾಣ ತಗ್ಗಿಸುವುದೋ, ಬೇರೆ ಔಷಧಿಗೆ ಬದಲಿಸುವುದೋ ಅವರು ಹೇಳಲಿ. ನೀವಾಗಿ ನಿಲ್ಲಿಸಬೇಡಿ.

ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ವ್ರತವನ್ನು ಕೆಡಿಸದ ಎಂಟನ್ನು ಹೆಸರಿಸುತ್ತಾನೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಇದನ್ನು ಓದಿದೊಡನೆ ಅಪ್ಪನ ಮುಂದೆ ಒಪ್ಪಿಸಲು ಓಡಬೇಡಿ. ಮೊನ್ನೆ ಮೂಢನಂಬಿಕೆ ಎಂದ ಬಾಯಲ್ಲಿ ಇಂದು ಶ್ಲೋಕ ಬಂದರೆ ಅದು ವಕೀಲಿಕೆಯಾಗುತ್ತದೆ. ಸಾಂತಾಕ್ರೂಜ್‌ನ ಪೇಜಾವರ ಮಠವಿದೆ, ಅಂಧೇರಿಯ ಅದಮಾರು ಮಠವಿದೆ. ಕಾಯಿಲೆಯವರ ಏಕಾದಶಿ ಹೇಗೆ ಎಂದು ತಿಳಿದವರನ್ನು ಅಪ್ಪನೇ ಕೇಳಲಿ. ನೀವು ಜೊತೆಗೆ ಹೋಗಿ ಬನ್ನಿ, ಸಾಕು.

ಮೊದಲು ಕ್ಷಮೆ ಕೇಳಿ. ಬಂಧುಗಳ ಎದುರು ಅಂದದ್ದನ್ನು ಬಂಧುಗಳ ಎದುರೇ ಹಿಂತೆಗೆದುಕೊಳ್ಳಿ. ಆಮೇಲೆ ಗ್ಲುಕೋಮೀಟರನ್ನೂ ಒಂದು ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಡಿ. ಸಾಮಾನ್ಯ ದಿನದ ಅಂಕಿ, ಹರಿದಿನದ ಮಧ್ಯಾಹ್ನದ್ದು, ದ್ವಾದಶಿಯ ಪಾರಣೆಯ ನಂತರದ್ದು, ಎಲ್ಲವನ್ನೂ ಅವರೇ ಬರೆಯಲಿ. ಗಲ್ಲಾದಲ್ಲಿ ಕುಳಿತವರಿಗೆ ಲೆಕ್ಕ ತಪ್ಪಿದರೆ ಯಾರೂ ತೋರಿಸಿಕೊಡಬೇಕಾಗಿಲ್ಲ. ವೈದ್ಯರ ಬಳಿಗೂ ಆ ಪುಸ್ತಕವನ್ನು ಅವರೇ ಒಯ್ಯಲಿ, ಕೇಳಬೇಕಾದ್ದನ್ನು ಅವರೇ ಕೇಳಲಿ. ಉತ್ತರ ಗೊತ್ತಿದ್ದರೂ ನಡುವೆ ಬಾಯಿ ಹಾಕಬೇಡಿ. ಮೇಷ್ಟರುಗಳಿಗೆ ಇದು ಕಷ್ಟ, ಬಲ್ಲೆ.